ನಗಿಸುವ ಹಕ್ಕು ಕೊನೆಯ ಬೆಂಚಿಗೂ ಉಂಟು

ನಮ್ಮ ಶಾಲಾ ನಗೆಕತೆಗಳಲ್ಲಿ ದಡ್ಡ ಹುಡುಗನಿಗೆ ಕಾಯಂ ಸ್ಥಾನ ಇದೆ. ಮಾಷ್ಟ್ರು ಒಂದು ಕೇಳುತ್ತಾರೆ, ಅವನು ಇನ್ನೊಂದು ಹೇಳುತ್ತಾನೆ, ತರಗತಿ ಗೊಳ್ಳೆಂದು ನಗುತ್ತದೆ. ವಾರಪತ್ರಿಕೆಯ ಚುಟುಕು, ವಾರ್ಷಿಕೋತ್ಸವದ ಪ್ರಹಸನ, ತುಳು ನಾಟಕದ ಹಾಸ್ಯದೃಶ್ಯ, ಈಗಿನ ಮೊಬೈಲ್ ವಿಡಿಯೊ ಎಲ್ಲದರಲ್ಲೂ ಅವನು ಸಿಗುತ್ತಾನೆ. ಅವನು ಯಾಕೆ ಓದಲಾರ ಎಂಬುದನ್ನು ಈ ಕತೆಗಳು ವಿಚಾರಿಸುವುದಿಲ್ಲ. ನಗೆ ಹುಟ್ಟುವುದು ಅವನಿಂದ, ಆದರೆ ಆ ನಗೆಯಲ್ಲಿ ಅವನಿಗೆ ಪಾಲಿಲ್ಲ.

ಅದೇ ಹುಡುಗ ತಾನೇ ಕತೆ ಹೇಳಲು ಹೊರಟರೆ? ಕಳೆದ ಕೆಲವು ದಶಕಗಳಲ್ಲಿ ಇಂಗ್ಲಿಷಿನ ಮಕ್ಕಳ ಸಾಹಿತ್ಯದಲ್ಲಿ ಇಂಥ ಕತೆಗಳು ಬಂದಿವೆ, ಲಕ್ಷಾಂತರ ಮಕ್ಕಳು ಓದಿ ನಕ್ಕಿದ್ದಾರೆ. ಕನ್ನಡದಲ್ಲಿ ಅಂಥ ಪಾತ್ರವೊಂದು ಎಲ್ಲ ಮಕ್ಕಳ ಬಾಯಲ್ಲಿ ಹೆಸರಾಗಿ ಇನ್ನೂ ಬೆಳೆದಿಲ್ಲ. ಅದು ಬರಬೇಕಾದರೆ ಎಲ್ಲಿಂದ ಬರಬೇಕು, ಅದಕ್ಕೆ ಬೇಕಾದ ಸರಕು ನಮ್ಮಲ್ಲಿ ಏನೇನಿದೆ ಎಂದು ಮಂಗಳೂರಿನಲ್ಲಿ ನಿಂತು ನೋಡುವುದು ಈ ಬರಹದ ಕೆಲಸ. ಕರಾವಳಿಯ ಈ ಊರನ್ನು ಆರಿಸಿಕೊಂಡದ್ದಕ್ಕೆ ಕಾರಣಗಳು ಹಲವಿವೆ, ಮುಂದೆ ಒಂದೊಂದಾಗಿ ಬರುತ್ತವೆ.

ಮೊದಲು ವಿಷಯ ಸ್ಪಷ್ಟವಾಗಲಿ. ಕಲಿಕಾ ನ್ಯೂನತೆ ಎಂದರೆ ಬುದ್ಧಿಯ ಕೊರತೆ ಎಂದು ಈಗಲೂ ಅನೇಕ ಮನೆಗಳಲ್ಲಿ ತಿಳಿಯುತ್ತಾರೆ. ಅದು ತಪ್ಪು. ಬುದ್ಧಿ ಸಾಕಷ್ಟು ಇದ್ದು, ಕಣ್ಣು ಕಿವಿ ಸರಿಯಿದ್ದು, ಕಲಿಸುವವರಿದ್ದೂ ಓದು, ಬರಹ ಅಥವಾ ಲೆಕ್ಕ ಮಾತ್ರ ಕೈಗೆ ಹತ್ತದಿರುವುದು ಇದರ ಲಕ್ಷಣ. ಓದಿನದು ಡಿಸ್ಲೆಕ್ಸಿಯಾ, ಬರಹದ್ದು ಡಿಸ್‌ಗ್ರಾಫಿಯಾ, ಲೆಕ್ಕದ್ದು ಡಿಸ್‌ಕ್ಯಾಲ್ಕುಲಿಯಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು. ಅದನ್ನು ಗುರುತಿಸಲು ದೇಶದಲ್ಲಿ ಹೆಚ್ಚಾಗಿ ಬಳಸುವ ಪರೀಕ್ಷಾ ಸಾಧನ ರೂಪುಗೊಂಡದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಮಗುವಿಗೆ ಸುಮಾರು ಎಂಟು ವರ್ಷ ತುಂಬುವ ಹೊತ್ತಿಗೆ, ಅಂದರೆ ಮೂರನೇ ಕ್ಲಾಸಿನ ಆಸುಪಾಸಿನಲ್ಲಿ, ಚಿತ್ರ ಖಚಿತವಾಗತೊಡಗುತ್ತದೆ. ಆ ಹೊತ್ತಿಗೆ ಮಗು ‘ಉದಾಸೀನ’, ‘ಪೋಕ್ರಿ’, ‘ಮಂಡೆಗೆ ಹೋಗುವುದಿಲ್ಲ’ ಎಂಬ ಮಾತುಗಳನ್ನು ಎರಡು ವರ್ಷ ಕೇಳಿಸಿಕೊಂಡಿರುತ್ತದೆ. ನಗೆಕತೆ ಶುರುವಾಗಬೇಕಾದ ವಯಸ್ಸೂ ಅದೇ.

ಓದಲು ಕಷ್ಟಪಡುವ ಮಗುವೇ ಕತೆ ಹೇಳುವ ಇಂಗ್ಲಿಷ್ ಪುಸ್ತಕಗಳಲ್ಲಿ ತುಂಬ ಹೆಸರಾದವನು ಹ್ಯಾಂಕ್ ಜಿಪ್ಜರ್. ನ್ಯೂಯಾರ್ಕಿನ ಶಾಲೆಯೊಂದರ ನಾಲ್ಕನೇ ಕ್ಲಾಸಿನ ಹುಡುಗ. ನಟ ಹೆನ್ರಿ ವಿಂಕ್ಲರ್ ಮತ್ತು ಲೇಖಕಿ ಲಿನ್ ಆಲಿವರ್ ಸೇರಿ 2003ರಲ್ಲಿ ಶುರು ಮಾಡಿದ ಈ ಮಾಲೆಯಲ್ಲಿ 17 ಪುಸ್ತಕಗಳು ಬಂದವು, ಬಿಬಿಸಿಯಲ್ಲಿ ಧಾರಾವಾಹಿಯೂ ಆಯಿತು. ಮೊದಲ ಪುಸ್ತಕದಲ್ಲಿ ಟೀಚರು ರಜೆಯ ಬಗ್ಗೆ ಪ್ರಬಂಧ ಬರೆಯಲು ಹೇಳುತ್ತಾರೆ. ಹ್ಯಾಂಕ್‌ಗೆ ಬರೆಯಲು ಆಗದು. ತಾನು ನೋಡಿದ ನಯಾಗರಾ ಜಲಪಾತದ ಮಾದರಿಯನ್ನೇ ಕಟ್ಟಿ ತರುತ್ತಾನೆ. ತರಗತಿ ತುಂಬ ನೀರಾಗುತ್ತದೆ. ಇಲ್ಲಿ ಮಗು ಬರೆಯಲಾರದೆ ಅಳುತ್ತ ಕೂರುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ; ಆ ದಾರಿ ಎಡವಟ್ಟಾಗುತ್ತದೆ; ನಾವು ನಗುವುದು ಅವನ ಹುಮ್ಮಸ್ಸು ಮತ್ತು ಶಾಲೆಯ ಗಾಬರಿ ಎರಡೂ ಡಿಕ್ಕಿ ಹೊಡೆದಾಗ. ಅವನ ತಪ್ಪಕ್ಷರಕ್ಕೆ ಯಾರೂ ನಗುವುದಿಲ್ಲ. ವಿಂಕ್ಲರ್‌ಗೂ ಡಿಸ್ಲೆಕ್ಸಿಯಾ ಇತ್ತು. ಅದು ಗೊತ್ತಾದದ್ದು 31ನೇ ವಯಸ್ಸಿನಲ್ಲಿ, ಹೆಂಡತಿಯ ಮೊದಲ ಮದುವೆಯ ಮಗನನ್ನು ಪರೀಕ್ಷಿಸಿದಾಗ. ಚಿಕ್ಕವನಿದ್ದಾಗ ಹೆತ್ತವರೇ ಜರ್ಮನ್ ಭಾಷೆಯಲ್ಲಿ ಪೆದ್ದ ನಾಯಿ ಎಂದು ಕರೆಯುತ್ತಿದ್ದರೆಂದು ಅವರು ಹೇಳಿಕೊಂಡಿದ್ದಾರೆ. ಪುಸ್ತಕ ಬರೆಯುವಾಗ ವಿಂಕ್ಲರ್ ಮಾತಾಡುತ್ತಿದ್ದರು, ಆಲಿವರ್ ಟೈಪು ಮಾಡುತ್ತಿದ್ದರು. ಹಾಗಾಗಿ ಆ ಕತೆಗಳಲ್ಲಿ ಮಾತಿನ ಓಟ ಉಳಿದುಕೊಂಡಿದೆ.

ಇದನ್ನು ಕನ್ನಡಕ್ಕೆ ಅನುವಾದ ಮಾಡಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಮಾಡಲಿ, ಒಳ್ಳೆಯದೇ. ಆದರೆ ಅನುವಾದದಲ್ಲಿ ಅರ್ಧ ನಗೆ ಸೋರಿಹೋಗುತ್ತದೆ. ಇಂಗ್ಲಿಷಿನ ಡಿಸ್ಲೆಕ್ಸಿಯಾದ ತಮಾಷೆ ಬಿ ಮತ್ತು ಡಿ ಅಕ್ಷರಗಳು ತಿರುಗಿ ನಿಲ್ಲುವುದರಲ್ಲಿ, ಬರೆದದ್ದೊಂದು ಉಚ್ಚರಿಸುವುದೊಂದು ಎಂಬ ಆ ಭಾಷೆಯ ಹಠದಲ್ಲಿ ಇದೆ. ನಮ್ಮ ಲಿಪಿಯ ಕಷ್ಟವೇ ಬೇರೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಓದು ಸುಲಭ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮಗುವಿನ ಕಡೆಯಿಂದ ನೋಡಿದರೆ ಅಷ್ಟು ಸುಲಭವಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ಕಲಿತರೆ ಮುಗಿಯಲಿಲ್ಲ; ಕಾಗುಣಿತ ಸೇರಿದರೆ ರೂಪಗಳು ನೂರಾರು, ಒತ್ತಕ್ಷರ ಸೇರಿದರೆ ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಕನ್ನಡ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಇಂಗ್ಲಿಷಿನ ಮಕ್ಕಳು ಒಂದೆರಡು ವರ್ಷಕ್ಕೆ ಅಕ್ಷರ ಮುಗಿಸಿದರೆ, ಕನ್ನಡದ ಮಕ್ಕಳಿಗೆ ಅಕ್ಷರಗಳ ಪೂರ್ತಿ ಹಿಡಿತ ಸಿಗಲು ನಾಲ್ಕನೇ ತರಗತಿಯೂ ದಾಟಬಹುದು. ಇದು ಸಾಮಾನ್ಯ ಮಕ್ಕಳ ಮಾತು.

ಇನ್ನು ‘ಸೂರ್ಯ’ ಎಂಬ ಪದವನ್ನೇ ನೋಡಿ. ಕಿವಿಗೆ ಮೊದಲು ಕೇಳುವ ರಕಾರ ಕಾಗದದ ಮೇಲೆ ಯಕಾರದ ಹಿಂದೆ ಬಂದು ಕೂರುತ್ತದೆ. ಅರ್ಕಾವೊತ್ತು ಎಂದು ನಾವು ಅದನ್ನು ಬಾಯಿಪಾಠ ಮಾಡಿಸುತ್ತೇವೆ. ಮೊದಲು ಕೇಳಿದ್ದನ್ನು ಕೊನೆಗೆ ಯಾಕೆ ಬರೆಯಬೇಕು ಎಂದು ಒಂದು ಮಗು ಕೇಳಿದರೆ ಟೀಚರಿಗೆ ಉತ್ತರ ಕೊಡುವುದು ಕಷ್ಟ. ಈ ಪ್ರಶ್ನೆಯ ಸುತ್ತಲೇ ಒಂದು ಅಧ್ಯಾಯ ನಗಿಸಬಹುದು: ಸಾಲಿನಲ್ಲಿ ಮೊದಲು ಬಂದವನನ್ನು ಹಿಂದೆ ಕಳಿಸುವ ಈ ನಿಯಮವನ್ನು ಹುಡುಗ ಮಧ್ಯಾಹ್ನದ ಬಿಸಿಯೂಟದ ಸಾಲಿಗೂ ಅನ್ವಯಿಸಿದರೆ? ಕನ್ನಡದ ಕಲಿಕಾ ನ್ಯೂನತೆಯ ಹಾಸ್ಯ ಕನ್ನಡ ಲಿಪಿಯೊಳಗಿಂದಲೇ ಹುಟ್ಟಬೇಕು. ದೀರ್ಘ ಬಿದ್ದುಹೋಗುವುದು, ಒತ್ತು ತಪ್ಪುವುದು, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗುವುದು, ಲಕಾರ ಳಕಾರಗಳ ಜಗಳ ಇವೇ ನಮ್ಮ ಮಕ್ಕಳ ನಿಜವಾದ ತಪ್ಪುಗಳು.

ಮಂಗಳೂರಿನ ಮಗುವಿಗೆ ಇನ್ನೊಂದು ಸುತ್ತು ಹೆಚ್ಚು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ; ಪಕ್ಕದ ಮನೆಯಲ್ಲಿ ಇನ್ನೊಂದು; ಅಂಗಳ ದಾಟಿದರೆ ಮಲೆಯಾಳ. ಶಾಲೆಗೆ ಹೋದರೆ ಕನ್ನಡ, ಇಂಗ್ಲಿಷ್, ಆಮೇಲೆ ಹಿಂದಿ. ಬಾಯಿಗೆ ನಾಲ್ಕು ಭಾಷೆ, ಕಣ್ಣಿಗೆ ಮೂರು ಲಿಪಿ. ಈ ಊರಿನ ಎಷ್ಟೋ ಮಕ್ಕಳಿಗೆ ಪುಸ್ತಕದ ಕನ್ನಡ ಮಾತೃಭಾಷೆಯಲ್ಲ. ಓದು ತಡವಾದರೆ ಅದು ಭಾಷೆಯ ಅಪರಿಚಯವೋ ಡಿಸ್ಲೆಕ್ಸಿಯಾವೋ ಎಂದು ಬಿಡಿಸಿ ಹೇಳುವುದು ತಜ್ಞರಿಗೂ ಕಷ್ಟದ ಕೆಲಸ. ಕತೆಗಾರನಿಗೆ ಮಾತ್ರ ಇದು ದೊಡ್ಡ ಸಂಪತ್ತು. ಕನ್ನಡದಲ್ಲಿ ಒಂದು ಸಾಲು ಓದಲು ತಡವರಿಸುವ ಹುಡುಗಿ ಅಜ್ಜಿಯ ಹತ್ತಿರ ತುಳುವಿನಲ್ಲಿ, ಗೆಳತಿಯ ಹತ್ತಿರ ಬ್ಯಾರಿಯಲ್ಲಿ, ಬಸ್ಸಿನ ಕಂಡಕ್ಟರನ ಹತ್ತಿರ ಮೂರೂ ಸೇರಿದ ಭಾಷೆಯಲ್ಲಿ ಪಟಪಟ ಮಾತಾಡುತ್ತಾಳೆ. ಬಸ್ಸಿನ ಬೋರ್ಡು ಅವಳಿಗೆ ಬೇಕಾಗಿಯೇ ಇಲ್ಲ. ಬಾಗಿಲಲ್ಲಿ ನೇತಾಡುತ್ತ ಊರಿನ ಹೆಸರು ಕೂಗುವ ಕಂಡಕ್ಟರ್ ಇರುವವರೆಗೆ ಮಂಗಳೂರಿನ ಸಿಟಿ ಬಸ್ಸು ಓದು ಬಾರದವರಿಗೂ ದಾರಿ ತೋರಿಸುತ್ತದೆ. ಅವಳ ಜಾಣತನ ಇಡೀ ಊರಿಗೆ ಕಾಣುತ್ತದೆ, ಉತ್ತರಪತ್ರಿಕೆಗೆ ಮಾತ್ರ ಕಾಣುವುದಿಲ್ಲ. ಈ ಅಂತರದಲ್ಲಿ ನೋವೂ ಇದೆ, ನಗೆಯೂ ಇದೆ.

ಮಂಗಳೂರಿಗೆ ಮಕ್ಕಳನ್ನು ನಗಿಸುವ ಈ ಕೆಲಸದ ವಂಶಾವಳಿಯೂ ಉಂಟು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಮಾಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಜಿಲ್ಲೆಯ ಮಕ್ಕಳನ್ನು ಹತ್ತಿರದಿಂದ ಕಂಡವರು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಹಿಂದೆ ನಿಂತವರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಕತೆಯನ್ನು ಕಲಿಕಾ ನ್ಯೂನತೆಯ ಕಣ್ಣಿನಿಂದ ಯಾರೂ ಓದಿದಂತಿಲ್ಲ. ಹಾಗೆ ಓದಿದರೆ ಅಚ್ಚರಿಯಾಗುತ್ತದೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಮೇಲೆ, ಅವರನ್ನು ಕೇಳಿದರೆ ಮತ್ತೊಬ್ಬರ ಮೇಲೆ ದೂರು ಹೋಗುವ ಸರಪಳಿ ಕತೆ ಅದು. ಒಂದೇ ಬಗೆಯ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಓದಲು ಕಷ್ಟಪಡುವ ಮಗುವಿಗೆ ಮುಂದಿನ ಸಾಲು ಅರ್ಧ ಗೊತ್ತೇ ಇರುತ್ತದೆ, ಉಳಿದರ್ಧ ಹಿಡಿದರೆ ಸಾಕು. ಊಹಿಸಿ ಗೆದ್ದ ಖುಷಿ, ಅದರ ಬೆನ್ನಿಗೇ ನಗೆ. ಇಂದು ಓದಿನ ತೊಂದರೆಯಿರುವ ಮಕ್ಕಳಿಗೆ ಪುನರಾವರ್ತನೆಯ ಪಠ್ಯ ಕೊಡಿ ಎಂದು ವಿಶೇಷ ಶಿಕ್ಷಕರು ಹೇಳುತ್ತಾರೆ. ಪಂಜೆಯವರು ಅದನ್ನು ತುಂಬ ಹಿಂದೆಯೇ ಮಾಡಿಟ್ಟರು. ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ತಕಥೈ’ ಎಂಬ ಹೆಸರುಗಳಲ್ಲೇ ನಾದ ಎಷ್ಟು ಮುಂದಿದೆ ನೋಡಿ. ಕಣ್ಣಿಗಿಂತ ಮೊದಲು ಕಿವಿಗೆ ಬರೆದವರು ಅವರು. ಓದಲು ತಡವರಿಸುವ ಮಗುವಿಗೆ ಕಿವಿಯೇ ಹೆಬ್ಬಾಗಿಲು.

ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ನಡೆಸಿದ ಪ್ರಯೋಗಗಳು, ಅವರ ‘ಬಾಲ ಪ್ರಪಂಚ’ ಎಲ್ಲರಿಗೂ ಗೊತ್ತಿದ್ದದ್ದೇ. ಹಾಸ್ಯದ ಮಟ್ಟಿಗೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬಂಟ್ವಾಳ ತಾಲೂಕಿನ ಮಂಚಿಯವರಾದ ಬಿ.ವಿ. ಕಾರಂತರು ಟಾಗೋರರ ಗಿಳಿಯ ಕತೆಯನ್ನಿಟ್ಟುಕೊಂಡು ಕಟ್ಟಿದ ಮಕ್ಕಳ ನಾಟಕ ‘ಪಂಜರ ಶಾಲೆ’. ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಸಭೆಯಲ್ಲಿ ಮಕ್ಕಳು ಬಿದ್ದು ಬಿದ್ದು ನಗುವುದು ಪಂಡಿತರನ್ನು ನೋಡಿ. ಕಲಿಯಲಾರದ ಗಿಳಿಯನ್ನು ನೋಡಿ ಒಬ್ಬರೂ ನಗುವುದಿಲ್ಲ. ಕಲಿಕಾ ನ್ಯೂನತೆಯ ಹಾಸ್ಯಕ್ಕೆ ಬೇಕಾದ ದಿಕ್ಕು ಇದೇ.

ಮೈಸೂರಿನಲ್ಲಿ ಕೂತು ಆರ್.ಕೆ. ನಾರಾಯಣ್ ಬರೆದು 1935ರಲ್ಲಿ ಪ್ರಕಟವಾದ ಸ್ವಾಮಿಯ ಕಾದಂಬರಿಯಲ್ಲೂ ಅದೇ ದಿಕ್ಕು ಇದೆ. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿದ್ದರಿಂದ ಅವನು ನಮ್ಮ ಮನೆಯ ಹುಡುಗನೇ ಆಗಿಬಿಟ್ಟ. ಅಪ್ಪ ಮಾವಿನ ಹಣ್ಣಿನ ಲೆಕ್ಕ ಕೊಟ್ಟಾಗ ಸ್ವಾಮಿಗೆ ಉತ್ತರಕ್ಕಿಂತ ಮೊದಲು ಆ ಹಣ್ಣುಗಳು ಕಳಿತಿವೆಯೋ ಇಲ್ಲವೋ ತಿಳಿಯಬೇಕು. ಅವನಿಗೆ ಯಾವ ನ್ಯೂನತೆಯನ್ನೂ ನಾರಾಯಣ್ ಹಚ್ಚಿಲ್ಲ, ನಾವೂ ಹಚ್ಚಬೇಕಿಲ್ಲ. ಆದರೆ ಅಪ್ಪನ ಲೆಕ್ಕ ಒಂದು ಲೋಕದಲ್ಲಿದ್ದರೆ ಮಗನ ಮಾವಿನ ಹಣ್ಣು ಇನ್ನೊಂದು ಲೋಕದಲ್ಲಿದೆ, ಎರಡನೆಯದೂ ಅಷ್ಟೇ ತರ್ಕಬದ್ಧವಾಗಿದೆ ಎಂದು ತೋರಿಸಿದ ಬಗೆ ಕಲಿಯುವಂಥದ್ದು. ಬೆಲೆ ಕಟ್ಟುವ ಮುಂಚೆ ಹಣ್ಣು ಮುಟ್ಟಿ ನೋಡಬೇಕೆಂದು ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಯಾವ ವ್ಯಾಪಾರಿಯಾದರೂ ಹೇಳುತ್ತಾನೆ.

ಕರಾವಳಿಯ ಇನ್ನೊಂದು ದೊಡ್ಡ ಆಸ್ತಿ ಯಕ್ಷಗಾನದ ಹಾಸ್ಯಗಾರ. ಅವನು ದೂತ, ಬಾಗಿಲು ಕಾಯುವವ, ಬಡ ಬ್ರಾಹ್ಮಣ, ಅಗಸ. ರಾಜ ಅವನನ್ನು ಪೆದ್ದನೆನ್ನುತ್ತಾನೆ, ಭಾಗವತರು ತಿದ್ದಲು ಹೋಗುತ್ತಾರೆ. ಆದರೆ ರಂಗದಲ್ಲಿ ನಗೆಯ ಲಗಾಮು ಅವನ ಕೈಯಲ್ಲೇ ಇರುತ್ತದೆ. ಎಲ್ಲಿ ತಪ್ಪು ಹೇಳಬೇಕು, ಯಾವ ತಪ್ಪಿನಿಂದ ರಾಜನ ದೊಡ್ಡಸ್ತಿಕೆ ಹೊರಬೀಳುತ್ತದೆ ಎಂದು ಅವನಿಗೆ ಗೊತ್ತು. ಹಿಂದಿನ ಕಾಲದ ಎಷ್ಟೋ ಮಹಾ ಕಲಾವಿದರು ಮೂರು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ರಾತ್ರಿಯಿಡೀ ಆಶುವಾಗಿ ಅರ್ಥ ಹೇಳಿದವರು. ಓದಿ ಬಂದ ಜಾಣತನಕ್ಕೂ ಕೇಳಿ ಬಂದ ಜಾಣತನಕ್ಕೂ ಒಂದೇ ಮರ್ಯಾದೆ ಕೊಟ್ಟ ಊರು ಇದು. ಕಲಿಕಾ ನ್ಯೂನತೆಯ ಹುಡುಗನನ್ನು ನಗೆಕತೆಯ ನಾಯಕನನ್ನಾಗಿ ಮಾಡಲು ಇಂಗ್ಲಿಷಿನ ಮಾದರಿಗಿಂತ ಈ ಹಾಸ್ಯಗಾರ ಹತ್ತಿರದ ಗುರು ಎಂದು ನನ್ನ ದೃಢವಾದ ನಂಬಿಕೆ.

ಸಿನಿಮಾದ ಮಾತೂ ಬರಬೇಕು. 2007ರ ‘ತಾರೇ ಜಮೀನ್ ಪರ್’ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ನಮ್ಮ ಮನೆಮನೆಗೆ ತಲುಪಿಸಿತು. ಅದಕ್ಕಿಂತ ಮೊದಲು ಪೆಟ್ಟು ತಿನ್ನುತ್ತಿದ್ದ ಎಷ್ಟೋ ಮಕ್ಕಳಿಗೆ ಅದರಿಂದ ಉಪಕಾರವಾಗಿದೆ. ಆದರೂ ಅದು ದೊಡ್ಡವರ ಕಣ್ಣೀರಿನ ಚಿತ್ರ. ಒಬ್ಬ ಮಾಷ್ಟ್ರು ಬಂದು ಮಗುವನ್ನು ಉದ್ಧರಿಸುತ್ತಾರೆ, ಮಗು ಕೊನೆಗೆ ಚಿತ್ರಕಲೆಯಲ್ಲಿ ಗೆಲ್ಲುತ್ತದೆ. ಇನ್ನೊಂದು ತುದಿಯಲ್ಲಿ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಇದೆ. ರಿಷಬ್ ಶೆಟ್ಟಿ ನಿರ್ದೇಶನದ ಈ ಚಿತ್ರಕ್ಕೆ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅದರ ವಿಷಯ ಕಲಿಕಾ ನ್ಯೂನತೆಯಲ್ಲ, ಕನ್ನಡ ಶಾಲೆಯ ಉಳಿವು. ಆದರೆ ಕರಾವಳಿಯ ಮಕ್ಕಳ ಮಾತನ್ನು ಸಪಾಟು ಮಾಡದೆ, ಅವರ ಪೋಕ್ರಿತನವನ್ನು ತಿದ್ದದೆ, ಇಡೀ ರಾಜ್ಯವನ್ನು ನಗಿಸಬಹುದು ಎಂದು ಅದು ತೋರಿಸಿಕೊಟ್ಟಿತು. ಮೊದಲನೆಯ ಚಿತ್ರದ ತಿಳಿವಳಿಕೆ, ಎರಡನೆಯದರ ನಾಲಿಗೆ ಒಂದಾದ ಪುಸ್ತಕ ನಮಗೆ ಬೇಕಾಗಿದೆ.

ಇಂಗ್ಲಿಷಿನಲ್ಲಿ ಬರೆಯುವ ಕರ್ನಾಟಕದ ಲೇಖಕರು ಈ ದಾರಿಯಲ್ಲಿ ಕೆಲವು ಹೆಜ್ಜೆ ಮುಂದಿದ್ದಾರೆ. ಜೈನಬ್ ಸುಲೈಮಾನ್ ಅವರ ‘ಸಿಂಪ್ಲಿ ನಂಜು’ 2016ರಲ್ಲಿ ಬಂತು. ಬೆಂಗಳೂರಿನ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ನೋಟ್‌ಪುಸ್ತಕಗಳು ಕಳವಾಗುತ್ತವೆ, ಸರಿಯಾಗಿ ನಡೆಯಲಾಗದ ನಂಜುವಿನ ಮೇಲೆ ಅನುಮಾನ ಬರುತ್ತದೆ, ಗಾಲಿಕುರ್ಚಿಯ ಗೆಳೆಯ ಮಹೇಶನ ಜೊತೆ ಅವನು ಕಳ್ಳನನ್ನು ಹುಡುಕುತ್ತಾನೆ. ವೈಕಲ್ಯ ಅಲ್ಲಿ ಕತೆಯ ನೆಲ, ಕತೆ ಮಾತ್ರ ಕಳ್ಳತನದ್ದು. ಶ್ರುತಿ ರಾವ್ ಅವರ ‘ಮಾನ್ಯಾ ಲರ್ನ್ಸ್ ಟು ರೋರ್’ನಲ್ಲಿ ತೊದಲುವ ಹುಡುಗಿಗೆ ಶಾಲೆಯ ನಾಟಕದಲ್ಲಿ ಹುಲಿ ಶೇರ್ ಖಾನ್ ಆಗಬೇಕೆಂಬ ಆಸೆ. ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವವರಲ್ಲಿ, ಕರಾವಳಿಯ ಪುತ್ತೂರಿನವರಾದ ಬೊಳುವಾರು ಮಹಮದ್ ಕುಂಞಿ ಅವರಿಗೆ 2010ರಲ್ಲಿ, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ಗೆ 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಮಕ್ಕಳಿಗೆ ಬರೆಯುವ ಶಕ್ತಿ ಈ ಸೀಮೆಯಲ್ಲಿ ಬತ್ತಿಲ್ಲ.

ಬರೆದರೆ ಸಾಲದು, ಆ ಪುಸ್ತಕವನ್ನು ಆ ಹುಡುಗನೇ ಓದುವಂತಿರಬೇಕು. ಓದು ಕಷ್ಟವಾದವನ ಕತೆಯನ್ನು ಒತ್ತೊತ್ತಾದ ಸಾಲುಗಳ 200 ಪುಟಗಳಲ್ಲಿ ಅಚ್ಚು ಹಾಕಿದರೆ ಅದು ಅವನ ಬಗ್ಗೆ ಉಳಿದವರು ಓದುವ ಪುಸ್ತಕವಾಗುತ್ತದೆ. ಎಡಿನ್‌ಬರೊದಲ್ಲಿ 1998ರಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಪ್ರಕಾಶನ ಇಂಥ ಓದುಗರಿಗೆಂದೇ ಕೆನೆಬಣ್ಣದ ಕಾಗದ, ಬಿಡಿಸಿಟ್ಟ ಸಾಲು, ಚಿಕ್ಕ ಅಧ್ಯಾಯಗಳ ಪುಸ್ತಕ ಮಾಡುತ್ತ ಬಂದಿದೆ. ಹ್ಯಾಂಕ್‌ನ ಚಿಕ್ಕಂದಿನ ಕತೆಗಳ ಮಾಲೆಗೆ ವಿಶೇಷ ಅಕ್ಷರವಿನ್ಯಾಸವನ್ನೇ ಬಳಸಿದರು. ಅಕ್ಷರದ ಆಕಾರಕ್ಕಿಂತ ನಡುವಣ ಜಾಗ ಮುಖ್ಯ ಎಂಬ ಮಾತು ನನಗೆ ಹೆಚ್ಚು ಸರಿಯೆನಿಸುತ್ತದೆ, ಕನ್ನಡದಲ್ಲಂತೂ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತೆ ಅಚ್ಚು ಹಾಕುವ ಪದ್ಧತಿ ಇದೆ. ಈ ಒಂದು ಅಭ್ಯಾಸ ಬಿಟ್ಟರೂ ಸಾವಿರಾರು ಮಕ್ಕಳಿಗೆ ಉಪಕಾರವಾದೀತು. 1841ರಿಂದ ಬಾಸೆಲ್ ಮಿಷನ್ ಮುದ್ರಣಾಲಯ ಕನ್ನಡ ಅಚ್ಚಿನ ಪಾಠ ಹೇಳಿದ ಊರಿಗೆ ಇದು ಹೊರಗಿನ ವಿಚಾರವಲ್ಲ.

ಚಿತ್ರಕತೆಯ ದಾರಿಯೂ ಇದೆ. ‘ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್’ ಬರೆದ ಡೇವ್ ಪಿಲ್ಕಿಗೆ ಡಿಸ್ಲೆಕ್ಸಿಯಾ, ಅತಿಚಟುವಟಿಕೆ ಎರಡೂ ಇದ್ದವು. ಟೀಚರು ತರಗತಿಯಿಂದ ಹೊರಗೆ ಹಾಕಿದಾಗ ಮೊಗಸಾಲೆಯಲ್ಲಿ ಕೂತು ಅವನು ಆ ನಾಯಕನನ್ನು ಚಿತ್ರಿಸಿದ. ನಮ್ಮ ಕರಾವಳಿಯಲ್ಲೂ ಪಠ್ಯಪುಸ್ತಕ ಮುಟ್ಟದ ಮಕ್ಕಳು ‘ಬಾಲಮಂಗಳ’ದ ಡಿಂಗನನ್ನು ಬಿಡುತ್ತಿರಲಿಲ್ಲ. ಚಿತ್ರ ಕತೆ ಹೇಳುತ್ತಿತ್ತು, ಗುಳ್ಳೆಯೊಳಗಿನ ನಾಲ್ಕು ಪದ ಹಿಡಿದರೆ ಸಾಕಾಗುತ್ತಿತ್ತು. ಬೆಂಗಳೂರಿನ ಪ್ರಥಮ್ ಬುಕ್ಸ್ ಈಗ ಓದಿನ ಹಂತಕ್ಕೆ ತಕ್ಕಂತೆ ಪುಸ್ತಕ ವಿಂಗಡಿಸಿ ಕನ್ನಡದಲ್ಲೂ ಕೊಡುತ್ತಿದೆ. ಆದರೆ ಹತ್ತು ವರ್ಷದ ಹುಡುಗನಿಗೆ ಆರು ವರ್ಷದವರ ಓದಿನ ಹಂತ ಇದ್ದರೂ ತಮಾಷೆ ಹತ್ತು ವರ್ಷದ್ದೇ ಬೇಕು. ಪಾಪುವಿನ ಪುಸ್ತಕ ಕೊಟ್ಟರೆ ಅವನಿಗೆ ಅವಮಾನ. ಸರಳ ವಾಕ್ಯದಲ್ಲಿ ದೊಡ್ಡ ಹುಡುಗರ ಕಿತಾಪತಿ ಹೇಳುವುದು ಬರಹಗಾರರಿಗೆ ನಿಜವಾದ ಸವಾಲು.

ಇನ್ನು ಹಾಸ್ಯದ ಎಲ್ಲೆ. ‘ನನ್ನ ಅಜ್ಜ’ ಎಂಬ ಪ್ರಬಂಧದಲ್ಲಿ ಹುಡುಗನೊಬ್ಬ ‘ಅಜ್ಜನಿಗೆ ದಿನಾ ಸಂಜೆ ಕಾಲಿನ ತೊಂದರೆ ಜಾಸ್ತಿ’ ಎಂದು ಬರೆಯಹೊರಟಾಗ ‘ಕಾಲಿನ’ ಹೋಗಿ ‘ಕಳ್ಳಿನ’ ಆಯಿತು ಎಂದುಕೊಳ್ಳೋಣ. ಟೀಚರು ಇದನ್ನು ಜೋರಾಗಿ ಓದಿ ತರಗತಿಯನ್ನು ನಗಿಸುವುದು ಒಂದು ಕತೆ. ಆ ಕತೆ ನಮ್ಮಲ್ಲಿ ಸಾಕಷ್ಟಿದೆ. ಇನ್ನೊಂದರಲ್ಲಿ ಹುಡುಗ ಸಂಜೆ ಮನೆಗೆ ಬಂದು ತಾನೇ ಹೇಳುತ್ತಾನೆ: ಅಜ್ಜ, ಶಾಲೆಯಲ್ಲಿ ನಿಮ್ಮ ಮರ್ಯಾದೆ ಹೋಯಿತು. ಅಜ್ಜ ಅಂಗಿ ಹಾಕಿಕೊಂಡು, ನಾನು ಕುಡಿಯುವವನಲ್ಲ ಎಂದು ಹೆಡ್‌ಮಾಷ್ಟ್ರಿಗೆ ಹೇಳಲು ಕುಂಟುತ್ತ ಹೊರಡುತ್ತಾರೆ. ಆ ನಡಿಗೆ ನೋಡಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಅನುಮಾನ. ತಪ್ಪು ಅದೇ, ಅಕ್ಷರವೂ ಅದೇ. ಮೊದಲನೆಯದರಲ್ಲಿ ಮಗು ಸಣ್ಣದಾಗುತ್ತದೆ, ಎರಡನೆಯದರಲ್ಲಿ ಇಡೀ ಊರು ಆಟಕ್ಕೆ ಸೇರುತ್ತದೆ. ಯಾರು ಹೇಳುತ್ತಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನೊಂದು ಅಪಾಯವೂ ಇದೆ, ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. ಡಿಸ್ಲೆಕ್ಸಿಯಾ ಇರುವವರೆಲ್ಲ ಒಳಗೊಳಗೇ ಮಹಾ ಪ್ರತಿಭಾವಂತರು, ಮುಂದೆ ವಿಜ್ಞಾನಿಯೋ ಕಲಾವಿದರೋ ಆಗುತ್ತಾರೆ ಎಂಬ ಸಮಾಧಾನ. ರಿಕ್ ರಿಯೊರ್ಡನ್ ಅವರ ಪರ್ಸಿ ಜಾಕ್ಸನ್ ಕತೆಗಳಲ್ಲಿ ಹುಡುಗನಿಗೆ ಇಂಗ್ಲಿಷ್ ಓದಲಾಗದಿರುವುದು ಅವನ ಮೆದುಳು ಪ್ರಾಚೀನ ಗ್ರೀಕಿಗೆ ಹದಗೊಂಡಿರುವುದರಿಂದ. ಅವನು ದೇವತೆಯ ಮಗ. ಅದು ಸೊಗಸಾದ ಕಲ್ಪನೆ, ಲೇಖಕ ತನ್ನ ಮಗನಿಗಾಗಿ ಕಟ್ಟಿದ್ದು. ಆದರೆ ದೇವತೆಯ ಮಗನಲ್ಲದ, ಚಿತ್ರವೂ ಬರೆಯಲಾರದ, ಕ್ರಿಕೆಟ್ಟೂ ಬಾರದ ಸಾಧಾರಣ ಹುಡುಗನಿಗೆ ಏನು ಗತಿ? ಹ್ಯಾಂಕ್ ಹದಿನೇಳು ಪುಸ್ತಕ ದಾಟಿದರೂ ಮೊದಲ ರ‍್ಯಾಂಕು ಬರುವುದಿಲ್ಲ. ಆ ಮಾಲೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಮಂಗಳೂರಿನಲ್ಲಿ ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ, ನಿಟ್ಟೆ ಸಂಸ್ಥೆಗಳಲ್ಲಿ, ಕೆಎಂಸಿಯಲ್ಲಿ ವಾಕ್ ಮತ್ತು ಶ್ರವಣ ವಿಜ್ಞಾನ ಕಲಿಸುತ್ತಾರೆ. ಒಂದೇ ನಗರದಲ್ಲಿ ಇಷ್ಟು ಕಡೆ ಈ ವಿದ್ಯೆ ಇರುವುದು ಕಡಿಮೆ. ನಮ್ಮ ಮಕ್ಕಳು ಕನ್ನಡ ಓದುವಾಗ ಎಲ್ಲಿ ಎಡವುತ್ತಾರೆ ಎಂದು ದಿನವೂ ಕಾಣುವವರು ಅಲ್ಲಿದ್ದಾರೆ. ಅವರೂ ಬರಹಗಾರರೂ ಒಬ್ಬ ಚಿತ್ರಕಾರನೂ ಒಂದು ಮೇಜಿನ ಸುತ್ತ ಕೂತರೆ, ಮಧ್ಯದಲ್ಲಿ ಒಂದಿಬ್ಬರು ಮಕ್ಕಳನ್ನು ಕೂರಿಸಿಕೊಂಡರೆ, ಈ ಪುಸ್ತಕ ಹುಟ್ಟಲು ಬೇಕಾದ ಎಲ್ಲವೂ ಊರಿನಲ್ಲೇ ಇದೆ. ವಿಂಕ್ಲರ್ ಮಾಡಿದಂತೆ, ಮಗು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಅಂಥ ಮಾಲೆ ಶುರುವಾದರೆ ಅದರ ದೊಡ್ಡ ಭಾಗ ಎಲ್ಲಿರಬೇಕೆಂದೂ ನನಗೆ ಹೊಳೆಯುತ್ತದೆ: ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ. ಪ್ರಮಾಣಪತ್ರವಿದ್ದರೆ ಈ ಮಕ್ಕಳಿಗೆ ಹೆಚ್ಚುವರಿ ಸಮಯ ಸಿಗುತ್ತದೆ, ಭಾಷಾ ವಿಷಯದಲ್ಲಿ ರಿಯಾಯಿತಿ ಸಿಗುತ್ತದೆ, ಉತ್ತರ ಬರೆಯಲು ಲಿಪಿಕಾರನೊಬ್ಬ ಸಿಗುತ್ತಾನೆ. ಲಿಪಿಕಾರ ಕೆಳಗಿನ ತರಗತಿಯವನಾಗಿರಬೇಕು. ಅಂದರೆ ನಮ್ಮ ನಾಯಕಿ, ಬಸ್ಸಿನ ಬೋರ್ಡು ಬೇಡದ ಆ ಹುಡುಗಿ, ಹೇಳುತ್ತಾಳೆ; ಒಂಬತ್ತನೆಯ ತರಗತಿಯ ಹುಡುಗ ಬರೆಯುತ್ತಾನೆ. ಅವಳಿಗೆ ಉತ್ತರ ಗೊತ್ತು, ತುಳು ಮಿಶ್ರಿತ ಕನ್ನಡದಲ್ಲಿ ಬಾಣದಂತೆ ಹೇಳುತ್ತಾಳೆ. ಅವನಿಗೆ ಪಾಠವೇ ಗೊತ್ತಿಲ್ಲ, ಅವಳ ವೇಗಕ್ಕೆ ಕೈ ಸೋಲುತ್ತದೆ, ‘ದ್ಯುತಿಸಂಶ್ಲೇಷಣೆ’ಯ ಒತ್ತುಗಳಲ್ಲಿ ಅವನೇ ಸಿಕ್ಕಿಹಾಕಿಕೊಳ್ಳುತ್ತಾನೆ. ಸುಮ್ಮನೆ ನೋಡುತ್ತ ನಿಂತ ಮೇಲ್ವಿಚಾರಕರ ಎದುರು, ಹತ್ತು ವರ್ಷ ಉಕ್ತಲೇಖನದಲ್ಲಿ ಸೊನ್ನೆ ಪಡೆದ ಹುಡುಗಿ ಈಗ ಇನ್ನೊಬ್ಬನಿಗೆ ಉಕ್ತಲೇಖನ ಕೊಡುತ್ತಿದ್ದಾಳೆ.